ವೆನಿಸ್, ಫ್ಲಾರೆನ್ಸ್, ಮಾಂತುವಾ, ರೋಮ್: ಇಟಲಿಯ ಕುಲೀನ ಮನೆಯ ಹೆಣ್ಣನ್ನು ಎಲ್ಲಿಂದ ಓದಲು ತೊಡಗಬೇಕು?

ಹಳೆಯ ಇಟಲಿಯ ದೊಡ್ಡ ಮನೆತನಗಳ ಹೆಂಗಸರ ಬಗ್ಗೆ ಓದಬೇಕು, ಬರೆಯಬೇಕು ಎಂದು ಹೊರಟವರು ಮೊದಲ ತಿಂಗಳಲ್ಲೇ ಗೊಂದಲಕ್ಕೆ ಬೀಳುವುದನ್ನು ಹಲವು ಬಾರಿ ಕಂಡಿದ್ದೇನೆ. ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿನಿ ಒಂದು ಪುಸ್ತಕದಲ್ಲಿ ಎಳೆಯ ಹುಡುಗಿಯರನ್ನು ಅವರ ಇಷ್ಟ ಕೇಳದೆ ಕನ್ಯಾಮಠಕ್ಕೆ ಸೇರಿಸುತ್ತಿದ್ದರೆಂದು ಓದುತ್ತಾಳೆ. ಇನ್ನೊಂದರಲ್ಲಿ ಮದುವೆಯಾದ ಹೆಂಗಸು ಪರಪುರುಷನ ಜೊತೆ, ಅದೂ ಗಂಡನ ಒಪ್ಪಿಗೆಯಿಂದಲೇ, ನಾಟಕಶಾಲೆಗೆ ಹೋಗುತ್ತಿದ್ದಳೆಂದು ಓದುತ್ತಾಳೆ. ಯಾವುದನ್ನು ನಂಬುವುದು ಎಂದು ಕೇಳುತ್ತಾಳೆ. ಎರಡೂ ನಿಜ. ಮೊದಲನೆಯದು ಹದಿನೇಳನೆಯ ಶತಮಾನದ ವೆನಿಸ್, ಎರಡನೆಯದು ಹದಿನೆಂಟನೆಯ ಶತಮಾನದ ಜಿನೋವಾ.

ಇಟಲಿ ಎಂಬ ಒಂದು ರಾಜ್ಯ ಹುಟ್ಟಿದ್ದೇ 1861ರಲ್ಲಿ. ಅದಕ್ಕೆ ಮುಂಚೆ ಅಲ್ಲಿದ್ದದ್ದು ಗಣರಾಜ್ಯಗಳು, ಡ್ಯೂಕರ ಸಂಸ್ಥಾನಗಳು, ಪೋಪರ ಆಳ್ವಿಕೆಯ ನಾಡು, ಸ್ಪೇನ್ ಆಳಿದ ದಕ್ಷಿಣ. ಹೆಣ್ಣಿನ ಆಸ್ತಿಯ ಕಾನೂನು ಊರಿಂದ ಊರಿಗೆ ಬದಲಾಗುತ್ತಿತ್ತು. ಹಾಗಾಗಿ ‘ಇಟಲಿಯ ಕುಲೀನ ಸ್ತ್ರೀ’ ಎಂಬ ವಿಷಯವನ್ನು ಹಾಗೆಯೇ ಎತ್ತಿಕೊಂಡರೆ ಕೈಗೆ ಏನೂ ಹತ್ತುವುದಿಲ್ಲ. ಮೊದಲು ಒಂದು ನಗರವನ್ನು ಆರಿಸಿಕೊಳ್ಳಬೇಕು. ಆ ಆಯ್ಕೆಗೆ ನೆರವಾಗಲೆಂದು ಈ ಬರಹ.

ಯಾವುದರಿಂದ ಅಳೆಯಬೇಕು

ನಾನು ಪ್ರತಿ ನಗರಕ್ಕೂ ಐದು ಪ್ರಶ್ನೆ ಕೇಳುತ್ತೇನೆ.

ಮೊದಲನೆಯದು ಹಣದ್ದು. ಮದುವೆಯಲ್ಲಿ ಹೆಣ್ಣಿನ ಜೊತೆ ಹೋಗುತ್ತಿದ್ದ ಸಂಪತ್ತಿಗೆ ಇಟಲಿಯವರು ‘ದೋತೆ’ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಬರೆಯುವಾಗ ನಾವು ಥಟ್ಟನೆ ‘ವರದಕ್ಷಿಣೆ’ ಎಂದು ಬಿಡುತ್ತೇವೆ. ಆ ಮಾತು ದಾರಿ ತಪ್ಪಿಸುತ್ತದೆ. ವರನಿಗೆ ಕೊಟ್ಟ ದಕ್ಷಿಣೆ ವರನದೇ, ದೋತೆ ಹಾಗಲ್ಲ. ಗಂಡ ಬದುಕಿರುವವರೆಗೆ ಅದನ್ನು ಅವನು ನಿರ್ವಹಿಸುತ್ತಾನೆ, ಅದರ ಆದಾಯ ಉಣ್ಣುತ್ತಾನೆ. ಅವನು ಸತ್ತರೆ ಅವನ ಮನೆಯವರು ಅದನ್ನು ವಿಧವೆಗೆ ಎಣಿಸಿಕೊಡಬೇಕು. ನಮ್ಮ ‘ಸ್ತ್ರೀಧನ’ಕ್ಕೆ ಅದು ಹೆಚ್ಚು ಹತ್ತಿರ, ಆದರೆ ಪೂರ್ತಿ ಅದೂ ಅಲ್ಲ. ನಾನು ದೋತೆ ಎಂದೇ ಬರೆಯುತ್ತೇನೆ. ಈ ಹಣ ಕೊನೆಗೆ ಯಾರ ಕೈಗೆ ಬರುತ್ತಿತ್ತು, ಅದನ್ನು ಯಾರಿಗೆ ಬಿಟ್ಟುಹೋಗಬೇಕೆಂದು ಅವಳು ಹೇಳಬಹುದಿತ್ತೇ ಎಂದು ಕೇಳಿ.

ಎರಡನೆಯದು ಹೊಸ್ತಿಲು. ಮನೆಯಿಂದ ಹೊರಗೆ ಎಲ್ಲಿಗೆ, ಯಾರ ಜೊತೆ, ಯಾವುದರಲ್ಲಿ ಹೋಗಬಹುದಿತ್ತು? ಮೂರನೆಯದು, ಬೇಡ ಎನ್ನುವ ಅವಕಾಶ: ಗೊತ್ತುಮಾಡಿದ ಗಂಡು ಬೇಡ, ಮಠ ಬೇಡ, ಈ ಗಂಡನ ಜೊತೆ ಇನ್ನು ಬಾಳುವುದು ಬೇಡ. ನಾಲ್ಕನೆಯದು ನಮಗೆ, ಓದುವವರಿಗೆ ಸಂಬಂಧಿಸಿದ್ದು: ಅವಳ ಸ್ವಂತ ದನಿ ಕಾಗದದ ಮೇಲೆ ಉಳಿದಿದೆಯೇ, ಇಲ್ಲ ಅವಳ ಬಗ್ಗೆ ಗಂಡಸರು ಬರೆದದ್ದು ಮಾತ್ರ ಉಳಿದಿದೆಯೇ?

ಐದನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿದ್ದೇನೆ. ಅವಳಿಗಿದ್ದ ಸ್ವಾತಂತ್ರ್ಯ ಯಾವುದರ ಮೇಲೆ ನಿಂತಿತ್ತು? ಕಾನೂನಿನ ಪತ್ರದ ಮೇಲೋ, ಒಬ್ಬ ಗಂಡಸಿನ ಉಸಿರಿನ ಮೇಲೋ? ಬೆರಗು ಹುಟ್ಟಿಸುವಷ್ಟು ಸ್ವತಂತ್ರವಾಗಿ ಬಾಳಿದ ಹೆಂಗಸಿನ ಕಥೆ ಸಿಕ್ಕಿದಾಗಲೆಲ್ಲ ಈ ಪ್ರಶ್ನೆ ಕೇಳಿ ನೋಡಿ. ಅಪ್ಪ, ಅಣ್ಣ, ಗಂಡ, ಮೈದುನ, ಇವರಲ್ಲಿ ಯಾರ ಸಾವಿನ ಮರುದಿನ ಆ ಸ್ವಾತಂತ್ರ್ಯ ಏನಾಯಿತು ಎಂದು ಹುಡುಕಿ.

ವೆನಿಸ್: ಕಾಗದದ ಬಲ, ಕಂಬಿಯ ನೆರಳು

ಹಣದ ಪ್ರಶ್ನೆಗೆ ವೆನಿಸ್‌ನಷ್ಟು ಒಳ್ಳೆಯ ಉತ್ತರ ಕೊಡುವ ಊರು ಇನ್ನೊಂದಿಲ್ಲ. ಅಲ್ಲಿನ ಕುಲೀನ ಹೆಂಗಸು ಗಂಡನ ಅಪ್ಪಣೆ ಬೇಡದೆ ಮರಣಶಾಸನ ಬರೆಸಬಹುದಿತ್ತು, ತನ್ನ ದೋತೆಯನ್ನು ತನಗೆ ಬೇಕಾದವರಿಗೆ ಬಿಟ್ಟುಹೋಗಬಹುದಿತ್ತು. ಅಂಥ ಮರಣಶಾಸನಗಳು ದಂಡಿಯಾಗಿ ಉಳಿದಿವೆ. ಅವುಗಳಲ್ಲಿ ಸೋದರಿಗೆ, ತಂಗಿಯ ಮಗಳ ಮದುವೆಗೆ, ಮನೆಯ ಆಳಿಗೆ ಎಂದು ಹಂಚಿಟ್ಟ ಮೊತ್ತಗಳನ್ನು ಓದುತ್ತಾ ಹೋದರೆ, ಗಂಡಸರ ವಂಶವೃಕ್ಷದಲ್ಲಿ ಕಾಣದ ಹೆಣ್ಣುಗಳ ನಂಟು ಕಣ್ಣಿಗೆ ಕಟ್ಟುತ್ತದೆ.

ಈ ಬಲಕ್ಕೆ ಒಂದು ಬೆಲೆಯಿತ್ತು. ದೋತೆ ಏರುತ್ತಲೇ ಹೋಯಿತು. 1420ರಲ್ಲಿ ಸೆನೆಟ್ ಅದಕ್ಕೆ 1,600 ಡುಕಾಟ್‌ಗಳ ಮಿತಿ ಹಾಕಿತು. 1505ಕ್ಕೆ ಆ ಮಿತಿಯನ್ನೇ 3,000ಕ್ಕೆ ಏರಿಸಬೇಕಾಯಿತು, ಅದನ್ನೂ ಜನ ಮೀರಿದರು. ಮೂವರು ಹೆಣ್ಣುಮಕ್ಕಳಿದ್ದ ಮನೆ ಒಬ್ಬಳಿಗೆ ಮದುವೆ ಮಾಡಿ ಉಳಿದವರನ್ನು ಕನ್ಯಾಮಠಕ್ಕೆ ಕಳಿಸುತ್ತಿತ್ತು. ಮಠಕ್ಕೂ ದೋತೆ ಕೊಡಬೇಕಿತ್ತಾದರೂ ಅದು ಮದುವೆಯ ದೋತೆಯ ಒಂದು ಸಣ್ಣ ಪಾಲು. 1581ರ ಹೊತ್ತಿಗೆ ವೆನಿಸ್‌ನ ಕುಲೀನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಠಗಳಲ್ಲಿದ್ದರೆಂದು ಇತಿಹಾಸಕಾರರ ಒಂದು ಅಂದಾಜು. ಹೊರಗುಳಿದ ಅಕ್ಕನ ಮರಣಶಾಸನದ ಸ್ವಾತಂತ್ರ್ಯಕ್ಕೆ ಒಳಹೋದ ತಂಗಿಯರು ತೆತ್ತದ್ದೆಷ್ಟು ಎಂಬ ಲೆಕ್ಕವನ್ನು ವೆನಿಸ್ ಆರಿಸಿಕೊಂಡವರು ಕೊನೆಯವರೆಗೂ ಬಿಡಬಾರದು.

ಫ್ರಾಂಚೆಸ್ಕೊ ಗ್ವಾರ್ದಿಯ ಒಂದು ಚಿತ್ರ ಈಗ ವೆನಿಸ್‌ನ ಕಾ ರೆತ್ಸೋನಿಕೊ ವಸ್ತುಸಂಗ್ರಹಾಲಯದಲ್ಲಿದೆ. ಸಾನ್ ಜಕ್ಕಾರಿಯಾ ಕನ್ಯಾಮಠದ ಭೇಟಿಯ ಕೋಣೆ. ದೊಡ್ಡ ಕಿಟಕಿಗಳಿಗೆ ಕಂಬಿ. ಕಂಬಿಯ ಆಚೆ ಸನ್ಯಾಸಿನಿಯರು ನಿಂತಿದ್ದಾರೆ, ಕುಳಿತಿದ್ದಾರೆ. ಈಚೆ ಬಂಧುಗಳು, ಒಳ್ಳೆಯ ಉಡುಪಿನ ಗಂಡಸರು, ಒಂದು ಬದಿಯಲ್ಲಿ ಮಕ್ಕಳಿಗೆ ಗೊಂಬೆಯಾಟ ನಡೆದಿದೆ. ಮೊದಲ ಸಲ ನೋಡಿದಾಗ ಜಾತ್ರೆಯ ಹಾಗೆ ಕಾಣುತ್ತದೆ. ಗೊಂಬೆಯಾಟ ನೋಡುತ್ತಿರುವ ಮಗುವಿಗೂ ಕಂಬಿಯ ಹಿಂದಿನ ಮುಖಕ್ಕೂ ನಡುವೆ ಎಷ್ಟು ದೂರವಿದೆ ಎಂದು ಗಮನಿಸಿದ ಮೇಲೆ ಹಾಗೆ ಕಾಣುವುದಿಲ್ಲ. ಮಠ ಪೂರ್ತಿ ಸೆರೆಮನೆಯಾಗಿತ್ತೆಂದರೆ ಅದು ಸುಳ್ಳು. ಅಲ್ಲಿ ಮಾತು, ಸಂಗೀತ, ಸುದ್ದಿ ಎಲ್ಲ ಇದ್ದವು. ಹೊರಗೆ ಬರುವುದೊಂದು ಇರಲಿಲ್ಲ.

ಆ ಕಂಬಿಯ ಹಿಂದಿನಿಂದಲೇ ಎದ್ದ ದನಿ ಆರ್ಕಾಂಜೆಲಾ ತಾರಾಬೊತ್ತಿಯದು. 1604ರಲ್ಲಿ ಹುಟ್ಟಿದ ಆಕೆಯನ್ನು ಅಪ್ಪ ಸಾಂತ್'ಆನ್ನಾ ಮಠಕ್ಕೆ ಸೇರಿಸಿದ. ಇಷ್ಟವಿಲ್ಲದ ಮಗಳನ್ನು ದೇವರಿಗೆ ಒಪ್ಪಿಸುವ ಅಪ್ಪಂದಿರನ್ನೂ, ಅದರಿಂದ ಲಾಭ ಪಡೆಯುವ ಗಣರಾಜ್ಯವನ್ನೂ ಆಕೆ ಹೆಸರಿಟ್ಟು ದೂಷಿಸಿದಳು. ‘ಅಪ್ಪಂದಿರ ದಬ್ಬಾಳಿಕೆ’ ಎಂದೇ ಹೆಸರಿಟ್ಟಿದ್ದ ಆ ಕೃತಿ ಬೇರೆ ಹೆಸರಿನಲ್ಲಿ 1654ರಲ್ಲಿ, ಆಕೆ ಸತ್ತ ಎರಡು ವರ್ಷಕ್ಕೆ, ಅಚ್ಚಾಯಿತು. ಚರ್ಚ್ ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. 1563ರಲ್ಲೇ ಚರ್ಚಿನ ಹಿರಿಯರು ಸೇರಿದ್ದ ಟ್ರೆಂಟ್ ಧರ್ಮಸಭೆ, ಮಠ ಸೇರುವ ಹುಡುಗಿಯ ಒಪ್ಪಿಗೆಯನ್ನು ಬಿಷಪ್ ಕೇಳಿ ತಿಳಿಯಬೇಕೆಂದು ವಿಧಿಸಿತ್ತು. ಅಪ್ಪನ ಮುಖ ನೋಡಿ ಹುಡುಗಿ ಕೊಟ್ಟ ‘ಹೂಂ’ ಅದಕ್ಕೆ ಸಾಕಾಯಿತು.

ಒಂದು ಎಚ್ಚರಿಕೆ. ತಾರಾಬೊತ್ತಿಯಾಗಲಿ, 1592ರಲ್ಲಿ ಹೆರಿಗೆಯಲ್ಲಿ ಸತ್ತ ವೆನಿಸ್‌ನ ಇನ್ನೊಬ್ಬ ಲೇಖಕಿ ಮೊದೆರಾತಾ ಫೋಂತೆಯಾಗಲಿ ಆಳುವ ಕುಲೀನ ವರ್ಗದವರಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನಾಗರಿಕ ವರ್ಗದವರು. ಕುಲೀನ ವರ್ಗದ ದನಿಯೇ ಬೇಕೆನ್ನುವವರು ಎಲೆನಾ ಕೊರ್ನಾರೊ ಪಿಸ್ಕೋಪಿಯಾಳ ಬಳಿ ಹೋಗಬಹುದು. 1678ರ ಜೂನ್ 25ರಂದು ಪಾದುವಾದಲ್ಲಿ ಆಕೆ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದಳು. ಹಾಗೆ ಪಡೆದವರಲ್ಲಿ ಆಕೆಯೇ ಮೊದಲಿಗಳೆಂದು ಸಾಮಾನ್ಯವಾಗಿ ಹೇಳುತ್ತಾರೆ. ಜನ ಹೆಚ್ಚಾಗಿ ಸಮಾರಂಭವನ್ನು ಪ್ರಧಾನ ಇಗರ್ಜಿಗೆ ಸಾಗಿಸಬೇಕಾಯಿತು. ದೇವತಾಶಾಸ್ತ್ರದಲ್ಲಿ ಪದವಿ ಕೇಳಿದಾಗ ಬಿಷಪ್ ಒಪ್ಪಿರಲಿಲ್ಲ. ಅಪ್ಪನ ಹಣ, ಹಟ, ಮನೆತನದ ಹೆಸರಿನ ಆಸೆ ಮೂರೂ ಆಕೆಯ ಬೆನ್ನಿಗಿದ್ದವು. ಮುಂದೆ ಪ್ರಾಧ್ಯಾಪಕರೊಬ್ಬರ ಮಗಳು ಅದೇ ದಾರಿ ಹಿಡಿಯಹೋದಾಗ ವಿಶ್ವವಿದ್ಯಾಲಯ ಬಾಗಿಲು ಹಾಕಿಕೊಂಡಿತು.

ಹದಿನೆಂಟನೆಯ ಶತಮಾನದ ವೆನಿಸ್ ಬೇರೆಯೇ ಊರು ಎನ್ನುವಷ್ಟು ಬದಲಾಗಿದೆ. ಮುಖವಾಡ ಹಾಕಿ ಕುಲೀನ ಹೆಂಗಸರು ನಾಟಕಕ್ಕೆ, ಜೂಜುಕಟ್ಟೆಗೆ ಹೋಗುತ್ತಿದ್ದರು. ಅರಮನೆಯಿಂದ ದೂರ, ತಮ್ಮದೇ ಎನ್ನುವ ಪುಟ್ಟ ಬಿಡಾರಗಳನ್ನು ಇಟ್ಟುಕೊಂಡಿದ್ದರು. ಎಲೆನಾ ಪ್ರಿಯುಲಿ ವೆನಿಯರ್ ಎಂಬಾಕೆಯ ಬಿಡಾರ ಬಾರೆತೇರಿ ಸೇತುವೆಯ ಬಳಿ ಇಂದಿಗೂ ಇದೆ. ಅದರ ನೆಲದಲ್ಲಿ ಒಂದು ಸಣ್ಣ ಕಲ್ಲು ಎತ್ತಬಹುದು. ಕೆಳಗೆ ಬಾಗಿಲಲ್ಲಿ ಬಂದು ನಿಂತವರು ಯಾರೆಂದು ಮೇಲಿನಿಂದ ನೋಡಿ, ಒಳಗೆ ಬಿಡಬೇಕೋ ಬೇಡವೋ ಎಂದು ಯಜಮಾನಿತಿ ತೀರ್ಮಾನಿಸಬಹುದಿತ್ತು. ಹೊಸ್ತಿಲಿನ ಪ್ರಶ್ನೆಗೆ ಇದಕ್ಕಿಂತ ಕಣ್ಣಿಗೆ ಕಾಣುವ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ವೆನಿಸ್‌ನ ತೊಡಕು ಭಾಷೆ. ಮರಣಶಾಸನಗಳು, ಚರ್ಚ್ ನ್ಯಾಯಾಲಯದ ಕಡತಗಳು ಲ್ಯಾಟಿನ್‌ನಲ್ಲೂ ವೆನಿಸ್‌ನ ಆಡುಮಾತಿನಲ್ಲೂ ಇವೆ. ಇಂಗ್ಲಿಷ್ ಮಾತ್ರ ಬಲ್ಲವರು ಫೋಂತೆ ಮತ್ತು ತಾರಾಬೊತ್ತಿಯರ ಅನುವಾದಗಳಲ್ಲಿ ನಿಲ್ಲಬೇಕಾಗುತ್ತದೆ. ಅವು ಒಳ್ಳೆಯ ಅನುವಾದಗಳೇ.

ಫ್ಲಾರೆನ್ಸ್: ಸಹಿ ಇಲ್ಲ, ಪತ್ರಗಳಿವೆ

ಕಾನೂನನ್ನು ಮಾತ್ರ ನೋಡಿದರೆ ಫ್ಲಾರೆನ್ಸ್ ಕೊನೆಯ ಸ್ಥಾನಕ್ಕೆ ಹೋಗುತ್ತದೆ. ಅಲ್ಲಿ ಹೆಂಗಸು ಒಪ್ಪಂದ ಮಾಡಿಕೊಳ್ಳಲು ‘ಮುಂದುಆಲ್ದೊ’ ಎಂಬ ಗಂಡಸು ಪೋಷಕನಾಗಿ ಪಕ್ಕದಲ್ಲಿರಲೇಬೇಕಿತ್ತು. ವೆನಿಸ್‌ನಲ್ಲಿ ಆ ಕಟ್ಟಳೆ ಇರಲಿಲ್ಲ.

ಆದರೆ ಮನೆಯೊಳಗಿನ ಬದುಕನ್ನು ದಿನದಿನವೂ ಕೇಳಬೇಕೆನ್ನುವವರಿಗೆ ಫ್ಲಾರೆನ್ಸ್‌ನಲ್ಲಿ ಅಲೆಸ್ಸಾಂದ್ರಾ ಮಾಚಿಂಗಿ ಸ್ಟ್ರೋತ್ಸಿ ಇದ್ದಾಳೆ. ಗಂಡ ರಾಜಕೀಯ ಕಾರಣಕ್ಕೆ ಗಡೀಪಾರಾಗಿ 1435ರಲ್ಲಿ ಸತ್ತ. ಆಕೆ ಮತ್ತೆ ಮದುವೆಯಾಗಲಿಲ್ಲ. ಪರಊರುಗಳಲ್ಲಿದ್ದ ಗಂಡುಮಕ್ಕಳಿಗೆ ಬರೆದ ಎಪ್ಪತ್ತಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಇಂಗ್ಲಿಷ್‌ನಲ್ಲಿ ಆಯ್ದ ಪತ್ರಗಳ ಅನುವಾದ ಸಿಗುತ್ತದೆ.

1447ರ ಆಗಸ್ಟ್ 24ರಂದು ನೇಪಲ್ಸ್‌ನಲ್ಲಿದ್ದ ಹಿರಿಮಗ ಫಿಲಿಪ್ಪೊಗೆ ಬರೆದ ಪತ್ರವನ್ನು ತೆಗೆದುಕೊಳ್ಳಿ. ಮಗಳು ಕಟೆರೀನಾಳಿಗೆ ರೇಷ್ಮೆ ವ್ಯಾಪಾರಿ ಮಾರ್ಕೊ ಪರೆಂತಿಯೊಂದಿಗೆ ಮದುವೆ ಗೊತ್ತಾಗಿದೆ. ದೋತೆ 1,000 ಫ್ಲೋರಿನ್. ಅದರಲ್ಲಿ 500 ಮುಂದಿನ ಮೇ ತಿಂಗಳಲ್ಲಿ ನಗರದ ದೋತೆ ನಿಧಿಯಿಂದ ಬರಬೇಕು. 1425ರಲ್ಲಿ ಫ್ಲಾರೆನ್ಸ್ ಶುರು ಮಾಡಿದ ನಿಧಿ ಅದು. ಹುಡುಗಿ ಚಿಕ್ಕವಳಿದ್ದಾಗ ಹಣ ಕಟ್ಟಿದರೆ ಮದುವೆಗೆ ಬೆಳೆದ ಮೊತ್ತ ಕೈಗೆ ಬರುತ್ತಿತ್ತು. ಉಳಿದ 500 ತಾಯಿ ಹೊಂದಿಸಬೇಕು. ಇದಕ್ಕಿಂತ ದೊಡ್ಡ ಮನೆ ಹಿಡಿಯಬೇಕಿದ್ದರೆ ಹದಿನಾಲ್ಕು ಹದಿನೈದು ನೂರು ಬೇಕಿತ್ತು, ಅಷ್ಟು ಕೊಟ್ಟರೆ ನಾವು ಮುಳುಗುತ್ತಿದ್ದೆವು ಎಂದು ತಾಯಿ ನೇರವಾಗಿ ಹೇಳುತ್ತಾಳೆ. ಆಮೇಲೆ ಅಳಿಯ ಮಾಡಿಸುತ್ತಿರುವ ಉಡುಗೊರೆಗಳಿಗೆ ಬರುತ್ತಾಳೆ: ಕಡುಗೆಂಪು ಮಖಮಲ್ಲಿನ ನಿಲುವಂಗಿ, ಗರಿ ಮುತ್ತು ಕೂಡಿಸಿ ಕಟ್ಟಿದ, 80 ಫ್ಲೋರಿನ್ ಬೆಲೆಯ ತಲೆಯ ಹಾರ. ಮಗಳು ಹೊರಗೆ ಹೊರಟರೆ ಮೈಮೇಲೆ 400 ಫ್ಲೋರಿನ್‌ಗೂ ಹೆಚ್ಚು ಇರುತ್ತದೆ ಎಂದು ಲೆಕ್ಕ ಹಾಕುತ್ತಾಳೆ. ಹೆಣ್ಣು ಕೊಟ್ಟ ಯಾವ ತಾಯಿಯ ಬಾಯಲ್ಲೂ ಬರಬಹುದಾದ ಮಾತುಗಳು. ಕಟೆರೀನಾಳ ಮಾತು ಮಾತ್ರ ಪತ್ರದಲ್ಲಿ ಒಂದೂ ಇಲ್ಲ.

ಅಲೆಸ್ಸಾಂದ್ರಾಳ ಸ್ಥಿತಿಯೇ ಫ್ಲಾರೆನ್ಸ್‌ನ ಗಂಟು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ನಮ್ಮ ಗಾದೆ ಅಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಗಂಡ ಸತ್ತ ಎಳೆಯ ವಿಧವೆಯನ್ನು ತವರಿನವರು ವಾಪಸು ಕರೆಸಿಕೊಂಡು, ಅವಳ ದೋತೆಯನ್ನು ಬಿಡಿಸಿಕೊಂಡು, ಇನ್ನೊಂದು ಮದುವೆ ಮಾಡುತ್ತಿದ್ದರು. ಮಕ್ಕಳು ತಂದೆಯ ಮನೆಯವರು, ಅವರನ್ನು ಅಲ್ಲೇ ಬಿಟ್ಟು ಬರಬೇಕು. ಹೋದರೆ ಮಕ್ಕಳ ಆಸ್ತಿಯಿಂದ ದೋತೆಯನ್ನು ಕಿತ್ತುಕೊಂಡ ತಾಯಿ ಎಂಬ ಮಾತು; ಉಳಿದರೆ ತವರಿನ ಮುನಿಸು. ಅಲೆಸ್ಸಾಂದ್ರಾ ಉಳಿದಳು. ಉಳಿದದ್ದರಿಂದಲೇ ಮನೆಯ ಯಜಮಾನಿಕೆ ಸಿಕ್ಕಿತು, ಆಸ್ತಿ ಮಾರಿದಳು, ತೆರಿಗೆ ಕಟ್ಟಿದಳು, ಇಗರ್ಜಿಯ ಪೂಜೆಗೆ ಹೋಗಿ ಕುಳಿತು ಸೊಸೆಯಾಗಬಹುದಾದ ಹುಡುಗಿಯರನ್ನು ಕಣ್ಣಳತೆಯಲ್ಲೇ ತೂಗಿದಳು. ಆಗಿನ ಫ್ಲಾರೆನ್ಸ್‌ನ ಹೆಂಗಸಿಗೆ ಹೊಸ್ತಿಲಾಚೆ ಮನ್ನಣೆಯ ಜಾಗವೆಂದರೆ ಇಗರ್ಜಿ.

ಒಂದು ಶತಮಾನ ದಾಟಿ ಬಂದರೆ ಇದೇ ಊರಿನಲ್ಲಿ ಇಸಬೆಲ್ಲಾ ದೆ ಮೆದಿಚಿ ಇದ್ದಾಳೆ. ಡ್ಯೂಕ್ ಮೊದಲನೆಯ ಕೋಸಿಮೊನ ಮುದ್ದಿನ ಮಗಳು. ಮದುವೆ ರೋಮಿನ ಪಾವೊಲೊ ಜೋರ್ದಾನೊ ಓರ್ಸೀನಿಯ ಜೊತೆ, ವಾಸ ಮಾತ್ರ ತವರಲ್ಲೇ; ಅಪ್ಪನ ಇಚ್ಛೆ ಅದು. ಸ್ವಂತ ತೋಟದ ಮನೆ, ಕವಿಗಳು, ಸಂಗೀತಗಾರರು, ಬೇಟೆ. ಬೇರೆ ಯಾವ ಹೆಂಗಸಿಗೂ ಇರದ ಬದುಕು. ಕೋಸಿಮೊ 1574ರಲ್ಲಿ ಸತ್ತ. 1576ರ ಜುಲೈಯಲ್ಲಿ ಗಂಡನೊಡನೆ ಚೆರ್ರೆತೊ ಗ್ವೀದಿಯ ಮನೆಯಲ್ಲಿದ್ದಾಗ ಇಸಬೆಲ್ಲಾ ಸತ್ತಳು. ತಲೆ ತೊಳೆಯುತ್ತಿದ್ದಾಗ ಕುಸಿದಳೆಂದು ಅಣ್ಣನ ಅರಮನೆ ಹೇಳಿತು. ಗಂಡನೇ ಕತ್ತು ಹಿಸುಕಿದನೆಂದು ರಾಯಭಾರಿಯೊಬ್ಬ ತನ್ನ ಒಡೆಯನಿಗೆ ಬರೆದ. ಕಾಯಿಲೆಯಿಂದಲೇ ಸತ್ತಳೆನ್ನುವ ಇತಿಹಾಸಕಾರರೂ ಇದ್ದಾರೆ. ಕೆಲವೇ ದಿನ ಮುಂಚೆ ಆಕೆಯ ತಮ್ಮಂದಿರಲ್ಲಿ ಒಬ್ಬನಾದ ಪಿಯೆತ್ರೊ ತನ್ನ ಹೆಂಡತಿ ಲಿಯೊನೋರಾಳನ್ನು ಕೊಂದಿದ್ದ, ಅದರಲ್ಲಿ ಅನುಮಾನವಿಲ್ಲ. ಐದನೆಯ ಪ್ರಶ್ನೆಯನ್ನು ನಾನು ಕಲಿತದ್ದು ಇವರಿಬ್ಬರಿಂದ.

ಮಾಂತುವಾ, ಫೆರಾರಾ: ಗಂಡ ಊರಲ್ಲಿಲ್ಲದಾಗ

ಸಂಸ್ಥಾನದ ರಾಣಿಯರನ್ನು ಆರಿಸಿಕೊಳ್ಳುವವರಿಗೆ ಸಾಮಗ್ರಿಯ ಬರವಿಲ್ಲ. ಇಸಬೆಲ್ಲಾ ದೆಸ್ತೆ ಒಬ್ಬಳೇ ಸಾಕು. 1490ರಲ್ಲಿ ಹದಿನಾರು ತುಂಬುವ ಮೊದಲೇ ಮಾಂತುವಾಗೆ ಸೊಸೆಯಾಗಿ ಬಂದಳು. ಆಕೆ ಕಳಿಸಿದ ಹದಿನಾರು ಸಾವಿರಕ್ಕೂ ಮೀರಿದ ಪತ್ರಗಳ ನಕಲು ಮಾಂತುವಾದ ಪತ್ರಾಗಾರದಲ್ಲಿವೆ. ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಣ ಕೊಡದೆ ನೋಡಬಹುದು, ಆಯ್ದವುಗಳ ಇಂಗ್ಲಿಷ್ ಅನುವಾದವೂ ಇದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು, ಪ್ರಯಾಣಕ್ಕೆ ಹಣವಿಲ್ಲದೆ ಕೆಲಸ ಮಾಡಬೇಕಾದವರಿಗೆ ಇದು ದೊಡ್ಡ ಅನುಕೂಲ.

1509ರ ಆಗಸ್ಟ್‌ನಲ್ಲಿ ಗಂಡ ಫ್ರಾಂಚೆಸ್ಕೊನನ್ನು ವೆನಿಸ್‌ನವರು ಸೆರೆಹಿಡಿದರು. ಮರುವರ್ಷದ ಜುಲೈವರೆಗೆ ಇಸಬೆಲ್ಲಾಳೇ ರಾಜ್ಯ ನಡೆಸಿದಳು. ಗಂಡನ ಬಿಡುಗಡೆಗೆ ಒತ್ತೆಯಾಗಿ ಹತ್ತು ವರ್ಷದ ಮಗ ಫೆದೆರಿಕೊನನ್ನು ಕೇಳಿದಾಗ ಬೇಗ ಒಪ್ಪಲಿಲ್ಲ. ಕೊನೆಗೆ ಹುಡುಗ ರೋಮಿಗೆ, ಪೋಪರ ಆಸ್ಥಾನಕ್ಕೆ ಹೋದ. ಗಂಡ ಮನೆಗೆ ಬಂದ. ಅವನಿಗೆ ಕೃತಜ್ಞತೆಗಿಂತ ಅಸಮಾಧಾನವೇ ಹೆಚ್ಚಿತ್ತು. 1513ರಲ್ಲಿ ಆಕೆ ಮಿಲಾನ್‌ನಲ್ಲಿ ದಿನಗಳನ್ನು ಬೆಳೆಸಿದಾಗ, ಯಾವಾಗಲೂ ತನ್ನ ಬುದ್ಧಿಯಂತೆಯೇ ನಡೆಯುವ ಹೆಂಡತಿ ಸಿಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ ಎಂಬರ್ಥದಲ್ಲಿ ಬರೆದ.

ಈ ಆಯ್ಕೆಯ ಕೊರತೆಯನ್ನೂ ಹೇಳಬೇಕು. ಆ ಪತ್ರಗಳು ಕಾರ್ಯದರ್ಶಿಗಳು ಬರೆದು, ನಕಲಿಟ್ಟುಕೊಂಡವು. ಅವುಗಳಲ್ಲಿ ಒಬ್ಬ ಆಳುವವಳು ಮಾತಾಡುತ್ತಾಳೆ. ಬಟ್ಟೆ, ಮೀನು, ಚಿತ್ರ, ರಾಜಕೀಯ, ಎಲ್ಲದರ ಬಗ್ಗೆ ಮಾತಾಡುತ್ತಾಳೆ. ಅಲೆಸ್ಸಾಂದ್ರಾಳ ಪತ್ರಗಳಲ್ಲಿರುವ ಉಸಿರಿನ ಬಿಸಿ ಇಲ್ಲಿ ಅಪರೂಪ. ಇಷ್ಟು ಎತ್ತರದಲ್ಲಿದ್ದವಳನ್ನು ಕುಲೀನ ಹೆಂಗಸರ ಮಾದರಿ ಎಂದು ಹಿಡಿಯುವುದೂ ತಪ್ಪಾಗುತ್ತದೆ.

ಪಕ್ಕದ ಫೆರಾರಾದ ಒಂದು ಮಾತು. 1580ರ ದಶಕದಲ್ಲಿ ಅಲ್ಲಿನ ಡ್ಯೂಕ್ ಎರಡನೆಯ ಅಲ್ಫೋನ್ಸೊ ಹಾಡುಗಾರ್ತಿಯರ ಒಂದು ಮೇಳವನ್ನು ಕಟ್ಟಿದ. ಇಡೀ ಇಟಲಿ ಅದರ ಹೆಸರು ಹೇಳಿತು. ಅವರಲ್ಲಿ ಒಬ್ಬಳು ಆನ್ನಾ ಗ್ವಾರೀನಿ. ಅಲ್ಫೋನ್ಸೊ 1597ರಲ್ಲಿ ಗಂಡುಸಂತಾನವಿಲ್ಲದೆ ಸತ್ತ, ಫೆರಾರಾ ಪೋಪರ ವಶವಾಯಿತು. 1598ರಲ್ಲಿ ಆನ್ನಾಳನ್ನು ಅವಳ ಗಂಡ ಕೊಂದ.

ರೋಮ್: ವಿಧವೆ, ಸಾರೋಟು, ಓಟ

ರೋಮಿನಲ್ಲಿ ಆಳುವ ಮನೆತನ ಪ್ರತಿ ಪೋಪರ ಸಾವಿನೊಂದಿಗೆ ಬದಲಾಗುತ್ತಿತ್ತು. ಹಾಗಾಗಿ ಹೆಂಗಸರ ಏರಿಳಿತವೂ ಅಷ್ಟೇ ರಭಸದ್ದು. ವಿಧವೆ ಒಲಿಂಪಿಯಾ ಮೈದಲ್ಕಿನಿಯ ಮೈದುನ 1644ರಲ್ಲಿ ಹತ್ತನೆಯ ಇನೊಸೆಂಟ್ ಎಂಬ ಪೋಪನಾದ. ಹತ್ತು ವರ್ಷಕ್ಕೂ ಮಿಕ್ಕಿ ರಾಯಭಾರಿಗಳು ಮೊದಲು ಆಕೆಯ ಬಾಗಿಲಿಗೆ ಬರುತ್ತಿದ್ದರು. 1655ರಲ್ಲಿ ಪೋಪ್ ಸತ್ತ. ಮುಂದಿನ ಪೋಪ್ ಆಕೆಯನ್ನು ಊರಿನಿಂದ ಹೊರಗೆ ಕಳಿಸಿದ. ಇಷ್ಟು ಸಾಕು, ಆಕೆಯ ಬಗ್ಗೆ ಸಿಗುವುದೆಲ್ಲ ಹೆಚ್ಚುಕಡಿಮೆ ವೈರಿಗಳು ಬರೆದದ್ದು.

ಶಾಂತವಾದ ವೈಧವ್ಯ ಬೇಕೆನ್ನುವವರಿಗೆ ವಿತ್ತೋರಿಯಾ ಕೊಲೊನ್ನಾ. 1525ರಲ್ಲಿ ಗಂಡ ಸತ್ತ, ಮಕ್ಕಳಿರಲಿಲ್ಲ. ರೋಮಿನ ಕನ್ಯಾಮಠಕ್ಕೆ ಹೋದಳು. ಪೋಪ್ ಆಕೆಯನ್ನು ಇರಿಸಿಕೊಳ್ಳಲು ಮಠಕ್ಕೆ ಅನುಮತಿ ಕೊಟ್ಟ, ಸನ್ಯಾಸ ಮಾತ್ರ ಕೊಡಕೂಡದೆಂದ. ವೆನಿಸ್‌ನ ಹುಡುಗಿಗೆ ಬೀಗವಾಗಿದ್ದ ಮಠ ಈಕೆಗೆ ಕದ ತೆರೆದ ಬಿಡಾರವಾಯಿತು. ಇನ್ನೊಂದು ಮದುವೆಯಿಂದ ತಪ್ಪಿಸಿಕೊಂಡು ಕವಿತೆ ಬರೆಯಲು ಜಾಗ. ಕವಿತೆಗಳು 1538ರಲ್ಲಿ ಅಚ್ಚಾದವು.

ನಾಟಕ ಬರೆಯುವವರಿಗೆ ನಾನು ಯಾವಾಗಲೂ ಹೇಳುವುದು ಮರಿಯಾ ಮಂಚಿನಿಯ ಹೆಸರು. ಫ್ರಾನ್ಸಿನ ಮಂತ್ರಿ ಮಜಾರಿನ್‌ನ ಸೋದರಿಯ ಮಗಳು, ಎಳೆಯ ಹದಿನಾಲ್ಕನೆಯ ಲೂಯಿ ಮೆಚ್ಚಿದ್ದವಳು. 1661ರಲ್ಲಿ ರೋಮಿನ ಲೊರೆಂತ್ಸೊ ಒನೋಫ್ರಿಯೊ ಕೊಲೊನ್ನಾನನ್ನು ಮದುವೆಯಾಗಿ ಬಂದಳು. ಫ್ರೆಂಚ್ ರೀತಿಯ ಕೂಟ, ಸಂಗೀತ ನಾಟಕ, ಸಾರೋಟಿನ ವಿಹಾರ. ಮೂವರು ಗಂಡುಮಕ್ಕಳಾದ ಮೇಲೆ ಇನ್ನು ಹಾಸಿಗೆ ಬೇರೆ ಇರಲಿ ಎಂದಳು, ಗಂಡ ಒಪ್ಪಿದ. ಬರಬರುತ್ತಾ ಆಕೆಗೆ ಗಂಡನ ಭಯ ಹೆಚ್ಚಿತು. 1672ರ ಮೇ 29ರಂದು, ನಿಲುವಂಗಿಯ ಒಳಗೆ ಗಂಡಸರ ಉಡುಪು ಧರಿಸಿ, ಸೋದರಿ ಹೋರ್ಟೆನ್ಸ್ ಜೊತೆ ಚಿವಿತಾವೆಕ್ಕಿಯಾದ ಕಡೆ ಹೊರಟಳು. ಅಲ್ಲಿಂದ ದೋಣಿ ಹಿಡಿದು ಫ್ರಾನ್ಸ್. ಮುಂದಿನ ವರ್ಷಗಳಲ್ಲಿ ಗಂಡನ ಕೈ ಎಲ್ಲ ಕಡೆಯೂ ಚಾಚಿತು, ಆಕೆ ಮ್ಯಾಡ್ರಿಡ್‌ನ ಮಠಗಳಲ್ಲಿ ದಿನ ಕಳೆದಳು. ತನ್ನ ಹೆಸರಿನಲ್ಲಿ ಯಾರೋ ಸುಳ್ಳು ಆತ್ಮಕಥೆ ಅಚ್ಚುಮಾಡಿದ್ದನ್ನು ಕಂಡು 1677ರಲ್ಲಿ ತಾನೇ ತನ್ನ ಕಥೆ ಬರೆದು ಪ್ರಕಟಿಸಿದಳು. ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ. ‘ಬೇಡ’ ಎಂದವಳೇ ಅದರ ಬೆಲೆಯನ್ನೂ ಬರೆದಿಟ್ಟ ಇಂಥ ಪುಸ್ತಕ ಆ ಕಾಲದಿಂದ ಸಿಗುವುದು ಬಹಳ ವಿರಳ. ಮಂಚಿನಿ ರೋಮಿನಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದವಳು ಎಂಬುದನ್ನು ಮರೆಯಬೇಡಿ. ಆಕೆ ರೋಮನ್ನು ಅಳೆದದ್ದು ಪ್ಯಾರಿಸ್‌ನ ಕೋಲಿನಿಂದ.

ಸಾರೋಟಿನ ಮಾತು ಬಂದದ್ದರಿಂದ ನಮ್ಮ ಕಡೆಯ ಒಂದು ನಂಟನ್ನು ಹೇಳಿಬಿಡುತ್ತೇನೆ. ರೋಮಿನ ಕುಲೀನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೂ ಮಂಗಳೂರಿನ ಕಡೆಗೂ ಬಂದಿದ್ದ. ಉಳ್ಳಾಲದ ರಾಣಿಯನ್ನು ಕಂಡ. ಆಕೆ ಬರಿಗಾಲಲ್ಲಿ, ನಡೆದುಕೊಂಡೇ, ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಅವನ ಬೆರಗು ಪತ್ರದಲ್ಲಿ ಎದ್ದು ಕಾಣುತ್ತದೆ. ಅವನ ಊರಿನ ದೊಡ್ಡ ಮನೆಯ ಹೆಂಗಸು ಬೀದಿಗೆ ಬರುತ್ತಿದ್ದದ್ದು ಕುದುರೆ ಸಾರೋಟಿನಲ್ಲಿ, ಪರಿವಾರದ ನಡುವೆ. ಉಳ್ಳಾಲದ ಬಗ್ಗೆ ಎಷ್ಟು ಹೇಳುತ್ತದೋ ರೋಮಿನ ಬಗ್ಗೆಯೂ ಅಷ್ಟೇ ಹೇಳುವ ಪುಟಗಳು ಅವು. ಹಳೆಯ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ.

ಜಿನೋವಾ, ಮತ್ತು ನಾನು ಬಿಟ್ಟ ನೇಪಲ್ಸ್

ಹದಿನೆಂಟನೆಯ ಶತಮಾನದ ‘ಚಿಚಿಸ್ಬೇಯೊ’ ಪದ್ಧತಿಗೆ ಜಿನೋವಾ ಹೆಸರಾದ ಊರು. ಮದುವೆಯಾದ ಕುಲೀನ ಹೆಂಗಸಿಗೆ ಗಂಡನಲ್ಲದ ಒಬ್ಬ ಸಂಗಾತಿ. ನಾಟಕಕ್ಕೆ, ಇಗರ್ಜಿಗೆ, ಕೂಟಕ್ಕೆ ಅವನೇ ಕರೆದೊಯ್ಯುತ್ತಾನೆ. ಆಕೆಯ ಗಂಡ ಅದೇ ಹೊತ್ತಿಗೆ ಇನ್ನೊಬ್ಬಳ ಸಂಗಾತಿಯಾಗಿ ಇನ್ನೊಂದು ಮನೆಯಲ್ಲಿರುತ್ತಾನೆ. 1718ರಲ್ಲೇ ಇಂಗ್ಲೆಂಡಿನ ಲೇಡಿ ಮೇರಿ ವರ್ಟ್ಲಿ ಮಾಂಟೆಗು ಜಿನೋವಾದಿಂದ ಇದರ ಬಗ್ಗೆ ಬರೆದಿದ್ದಾಳೆ. ಕೇಳಲು ಸ್ವಾತಂತ್ರ್ಯದ ತುತ್ತತುದಿಯಂತಿದೆ. ಆದರೆ ಆಕೆ ಒಂಟಿಯಾಗಿ ಹೊರಡುವಂತಿರಲಿಲ್ಲ, ಮದುವೆಯಾಗದ ಹುಡುಗಿಗೆ ಇದರಲ್ಲಿ ಪಾಲೇ ಇರಲಿಲ್ಲ. ಇದರ ಬಗ್ಗೆ ಬರೆದವರು ಹೆಚ್ಚಾಗಿ ಪರದೇಶದ ಪ್ರವಾಸಿಗಳು, ಗೇಲಿ ಮಾಡುವ ಕವಿಗಳು. ಆ ಹೆಂಗಸರ ದನಿ ಹುಡುಕಿ ತೆಗೆಯಲು ಕುಟುಂಬದ ಪತ್ರಗಳನ್ನು ಇಟಾಲಿಯನ್‌ನಲ್ಲೇ ಓದುವ ಶಕ್ತಿ ಬೇಕು. ಆರಂಭಕ್ಕೆ ಇದು ಬೇಡ.

ನೇಪಲ್ಸ್ ಎಂದೊಡನೆ ಎಲ್ಲರೂ 1590ರಲ್ಲಿ ಗಂಡ ಕಾರ್ಲೊ ಜೆಸುಆಲ್ದೊನ ಕೈಯಲ್ಲಿ ಸತ್ತ ಮರಿಯಾ ದಾವಲೋಸ್ ಕಥೆಗೆ ಓಡುತ್ತಾರೆ. ಅವನಿಗೆ ಶಿಕ್ಷೆಯಾಗಲಿಲ್ಲ, ಸಂಗೀತಗಾರನೆಂದು ಹೆಸರು ಉಳಿಯಿತು. ಸತ್ತವಳ ಒಂದು ಮಾತೂ ಇಲ್ಲದ ಕಡೆಯಿಂದ ಓದು ಶುರುವಾಗುವುದು ನನಗೆ ಒಪ್ಪುವುದಿಲ್ಲ. ಅದಕ್ಕೇ ನೇಪಲ್ಸ್ ಈ ಪಟ್ಟಿಯಲ್ಲಿಲ್ಲ.

ಹಾಗಾದರೆ ಯಾವುದು?

ಕೈಯಲ್ಲಿ ಒಂದೇ ತಿಂಗಳಿದೆ, ಇಂಗ್ಲಿಷ್ ಮಾತ್ರ ಬರುತ್ತದೆ, ಮನಸ್ಸಿಗೆ ತಟ್ಟುವ ಓದು ಬೇಕು ಎನ್ನುವವರು ಫ್ಲಾರೆನ್ಸ್‌ಗೆ ಹೋಗಿ. ಕಾದಂಬರಿಕಾರರಿಗೂ ಅದನ್ನೇ ಹೇಳುತ್ತೇನೆ. ಬಟ್ಟೆಯ ಬೆಲೆ, ಸೊಸೆ ನೋಡುವ ಬಗೆ, ಮಗನಿಗಾಗಿ ಕಾಯುವ ತಾಯಿ, ಎಲ್ಲ ಅಲ್ಲಿವೆ. ರಂಗಕ್ಕೆ ಬರೆಯುವವರು ಮಂಚಿನಿಯನ್ನು ಓದಿ. ಒಂದೂವರೆ ಎರಡು ವರ್ಷದ ಸಂಶೋಧನೆ, ಪ್ರಯಾಣಕ್ಕೆ ಹಣವಿಲ್ಲ, ಇಟಾಲಿಯನ್ ಓದಲು ಕಲಿಯುವ ಮನಸ್ಸಿದೆ ಎಂದರೆ ಮಾಂತುವಾ. ಹಸ್ತಾಕ್ಷರ ಓದುವ ಅಭ್ಯಾಸಕ್ಕೂ ಆ ನಕಲು ಪುಸ್ತಕಗಳು ಒಳ್ಳೆಯ ಪಾಠಶಾಲೆ. ಪಿಎಚ್.ಡಿ.ಯಂಥ ದೀರ್ಘ ಕೆಲಸಕ್ಕೆ, ಇಟಲಿಗೆ ಹೋಗಿ ಕೆಲವು ತಿಂಗಳು ಕಳೆಯುವ ನೆರವು ಸಿಗುವಂತಿದ್ದರೆ, ವೆನಿಸ್ ಬಿಟ್ಟು ಬೇರೆಯದನ್ನು ನಾನು ಸೂಚಿಸಲಾರೆ. ಕಾನೂನು, ಹಣ, ಮಠ, ಬರಹ ನಾಲ್ಕೂ ಒಂದೇ ಊರಿನಲ್ಲಿ ಹೆಣೆದುಕೊಂಡಿರುವುದು ಅಲ್ಲಿ ಮಾತ್ರ. ಸೋತವರ ದನಿಯೂ ಅಲ್ಲಿದೆ.

ಪ್ರವಾಸ ಹೋಗುವವರಿಗೆ ಒಂದು ಸೂಚನೆ. ಮಾಂತುವಾದ ಅರಮನೆಯಲ್ಲಿ ಇಸಬೆಲ್ಲಾಳ ಪುಟ್ಟ ಓದುಕೋಣೆ ಇದೆ, ಆದರೆ ಆಕೆ ಮಾಂತೆಞಾ, ಪೆರುಜೀನೊ ಮುಂತಾದವರಿಂದ ಹಟಹಿಡಿದು ಬರೆಸಿದ ಚಿತ್ರಗಳು ಅಲ್ಲಿಲ್ಲ. ಅವು ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ವೆನಿಸ್‌ನಲ್ಲಿ ಒಂದೇ ದಿನ ಸಿಕ್ಕರೆ ಬೆಳಿಗ್ಗೆ ಕಾ ರೆತ್ಸೋನಿಕೊಗೆ ಹೋಗಿ ಗ್ವಾರ್ದಿಯ ಚಿತ್ರದ ಎದುರು ನಿಂತು ಬನ್ನಿ. ಮಧ್ಯಾಹ್ನ ಬಾರೆತೇರಿ ಸೇತುವೆಯ ಬಳಿಯ ಆ ಬಿಡಾರವನ್ನು ಹುಡುಕಿ, ಒಳಗೆ ಬಿಟ್ಟರೆ ನೆಲದ ಆ ಕಲ್ಲು ಎಲ್ಲಿದೆ ಎಂದು ಕೇಳಿ ನೋಡಿ.